ಪಿಕೊಲೊ ನುಡಿಯಲಿಲ್ಲ

"ಮಹಾಶಯರೇ, ಆ ಹೊತ್ತಿನಲ್ಲಿ ತಾವು ನಿದ್ದೆ ಮಾಡುತ್ತಿದ್ದಿರೋ ಹೇಗೆ?" ಎಂದು ಯಾರೋ ಒಬ್ಬ ಶಾಲಾ ಶಿಕ್ಷಕಿ ಕಾಗದ ಬರೆದಿದ್ದಳು. ಆಲ್ಫಿಯಸ್ ಥರ್ಲೋ ಆ ಸಾಲನ್ನು ಮೂರನೆಯ ಸಲ ಓದಿ, ಕಾಗದವನ್ನು ಮಡಿಸಿ, ಮಡಿಸಿದ್ದು ಸಾಲದೆಂಬಂತೆ ಬೆಣ್ಣೆಯ ಬಟ್ಟಲಿನ ಕೆಳಗೆ ತುರುಕಿದ. ಮೂವತ್ತು ವರ್ಷ. ಪ್ರಾವಿಡೆನ್ಸಿನ ಜನ ಪಾರ್ಕಿನಲ್ಲಿ ಬ್ಯಾಂಡಿನವರು ಊದಿದ್ದನ್ನೇ ಸಂಗೀತವೆಂದು ಚಪ್ಪಾಳೆ ತಟ್ಟುತ್ತಿದ್ದ ಕಾಲದಿಂದ ಈ ಊರಿಗೆ ಕೇಳುವುದನ್ನು ಕಲಿಸಿದವನು ತಾನು. ಈಗ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಹೆಂಗಸೊಬ್ಬಳು ಬಾಲ್ಕನಿಯ ಮೂರನೆಯ ಸಾಲಿನಲ್ಲಿ ಕೂತು ತನಗೆ ಪಾಠ ಹೇಳುತ್ತಾಳೆ. ಹೋದ ಶನಿವಾರದ ಸಂಗೀತ ಕಚೇರಿಯ ಬಗ್ಗೆ ಅವನು ಬರೆದ ವಿಮರ್ಶೆ ಸೋಮವಾರದ ಪತ್ರಿಕೆಯಲ್ಲಿ ಬಂದಿತ್ತು: "ಮೂರನೆಯ ಭಾಗದಲ್ಲಿ ಪಿಕೊಲೊ ನುಡಿಯಲೇ ಇಲ್ಲ. ಇಟಾಲಿಯನ್ ವಾದಕನ ಮನಸ್ಸು ಬಹುಶಃ ಮನೆಯಲ್ಲಿ ಬೇಯುತ್ತಿದ್ದ ಮ್ಯಾಕರೋನಿಯ ಮೇಲಿತ್ತು." ಬರೆದಾಗ ಆ ಸಾಲು ಎಷ್ಟು ಸಲೀಸಾಗಿ ಬಂದಿತ್ತೆಂದರೆ ಒಬ್ಬನೇ ಕೂತು ನಕ್ಕಿದ್ದ. ಅಂದಿನಿಂದ ದಿನಾ ಕಾಗದ. ನುಡಿಸಿದ್ದನ್ನು ನಾವು ಕೇಳಿದ್ದೇವೆ, ಹದಿನಾಲ್ಕು ಆವರ್ತ, ಆ ಪುಟ್ಟ ಕೊಳಲಿನ ದನಿ ಬೆಳ್ಳಿಯ ಎಳೆಯಂತೆ ಇತ್ತು, ಹಾಗಿತ್ತು, ಹೀಗಿತ್ತು. ಇಡೀ ಊರೇ ಸಂಚು ಹೂಡಿದೆಯೇ? ಎದುರಿಗೆ ಕೂತಿದ್ದ ಅಕ್ಕ ಡ್ರೂಸಿಲ್ಲಾ ಶಾಲು ಹೊದ್ದುಕೊಂಡು ಜೋಳದ ಹಿಟ್ಟಿನ ಜಾನಿಕೇಕಿನ ಅಂಚನ್ನು ಚೂರುಚೂರು ಮಾಡುತ್ತಿದ್ದಳು. ಎರಡು ವಾರದ ಜ್ವರದಿಂದ ಎದ್ದವಳು. ಇನ್ನೂ ಊಟ ರುಚಿಸುತ್ತಿರಲಿಲ್ಲ. ಅವಳು ಏನೋ ಅಂದಳು. "ಏನು?" ಎಂದ. ಈಗೀಗ ಅವಳೂ ಎಲ್ಲರ ಹಾಗೆ ಮಾತನ್ನು ಬಾಯೊಳಗೇ ಅಗಿಯುತ್ತಾಳೆ.

"ಇಷ್ಟು ಜನ ಸುಳ್ಳು ಹೇಳ್ತಾರಾ, ಆಲ್ಫಿ, ಅಂದೆ."

"ಸುಳ್ಳು ಹೇಳ್ತಾರೆ ಅಂತ ನಾನೆಲ್ಲಿ ಹೇಳಿದೆ? ಅವರಿಗೆ ಕೇಳೋಕೆ ಬರಲ್ಲ. ಅಷ್ಟೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕಿಟಕಿಯ ಪಂಜರದಲ್ಲಿದ್ದ ಹಳದಿ ಕೆನರಿ ಹಕ್ಕಿ ಸುಮ್ಮನಿತ್ತು. ಅದು ಹಾಡುವುದನ್ನು ನಿಲ್ಲಿಸಿ ಎರಡು ವರ್ಷವಾಯಿತು. ಕೆಟ್ಟ ಕಾಳು ಮಾರುತ್ತಾನೆಂದು ಥರ್ಲೋ ಅಂಗಡಿಯವನ ಜೊತೆ ನಾಲ್ಕು ಜನರೆದುರು ಜಗಳವಾಡಿ ಬಂದಿದ್ದ.

ಬೆಟ್ಟದ ಬೀದಿಯಿಂದ ಟ್ರ್ಯಾಮು ಇಳಿಯುವಾಗ ಅವನು ಕಂಬಿ ಹಿಡಿದು ನಿಂತೇ ಇದ್ದ. ಮಾರ್ಚಿನ ಹಿಮ ಕೆಸರಾಗಿ ಎಲ್ಲರ ಬೂಟಿಗೂ ಮೆತ್ತಿತ್ತು. ಕಂಡಕ್ಟರು ನಿಲ್ದಾಣದ ಹೆಸರನ್ನು ಕೂಗಿದ, ಕೂಗಿದನೋ ಗೊಣಗಿದನೋ. ಈ ಅಮೆರಿಕದಲ್ಲಿ ಜನಕ್ಕೆ ಮಾತಾಡುವುದು ಮರೆತುಹೋಗಿದೆ. ಪಾದ್ರಿಗಳು ಗೊಣಗುತ್ತಾರೆ, ನಾಟಕದ ನಟಿಯರು ಗೊಣಗುತ್ತಾರೆ, ಆ ಹೊಸ ಸಂಗೀತ ಮಂದಿರವಂತೂ ಪಿಟೀಲಿನ ತುದಿ ಸ್ವರಗಳನ್ನು ನುಂಗಿ ನೀರು ಕುಡಿಯುತ್ತದೆ. ಆ ಮಂದಿರದ ವಿರುದ್ಧ ಅವನು ಒಂಬತ್ತು ಲೇಖನ ಬರೆದಿದ್ದ. ಕಾಲೇಜಿನ ಪ್ರಾಧ್ಯಾಪಕನೊಬ್ಬ ಯಂತ್ರಗಳನ್ನು ತಂದು ಅಳೆದು ನೋಡಿ, ಮಂದಿರದಲ್ಲಿ ಯಾವ ದೋಷವೂ ಇಲ್ಲ ಅಂದಾಗ, "ಪ್ರಾಧ್ಯಾಪಕರ ಯಂತ್ರಕ್ಕೆ ಕಿವಿಯಿದೆ, ಅವರಿಗಿಲ್ಲ" ಎಂದು ಬರೆದು ಆ ಮನುಷ್ಯ ಸಭೆಗಳಿಗೆ ಬರುವುದನ್ನೇ ನಿಲ್ಲಿಸುವಂತೆ ಮಾಡಿದ್ದ. ಕೊನೆಗೆ ಟ್ರಸ್ಟಿಗಳು ಸೋತು ಮಖಮಲ್ಲಿನ ಪರದೆಗಳನ್ನು ತೆಗೆಸಿ ಗೋಡೆಗೆ ಹಲಗೆ ಹೊಡೆಸಿದರು. ಒಂದು ಸಾಲಿನ ಶಕ್ತಿ. ಒಂದು ಸಾಲು ಏನು ಮಾಡಬಲ್ಲದೆಂದು ಅವನಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲೇ ಗೊತ್ತಾಗಿತ್ತು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಎರಡು ವರ್ಷ ಆಲೂಗೆಡ್ಡೆ ತಿಂದು ಕಲಿತು ಬಂದು ಬರೆದ ಸಂಗೀತ ಕೃತಿ, ವೂಸ್ಟರ್ ಎಂಬ ಊರಿನಲ್ಲಿ ಅದರ ಒಂದೇ ಒಂದು ಪ್ರದರ್ಶನ, ಅಪ್ಪ ಚರ್ಚಿನಲ್ಲಿ ಆರ್ಗನ್ ನುಡಿಸುವಾಗ ತೊಡುತ್ತಿದ್ದ ಕೋಟನ್ನೇ ಇಸ್ತ್ರಿ ಮಾಡಿಸಿ ತೊಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಬೆಳಿಗ್ಗೆ ಹೋಟೆಲಿನ ಊಟದ ಕೋಣೆಯಲ್ಲಿ ಪತ್ರಿಕೆ ತೆರೆದರೆ: "ಯುವಕ ಥರ್ಲೋ ಅವರ ಕೃತಿ ಮುಗಿಯಿತು. ಇದು ಸಂತೋಷದ ಸುದ್ದಿ." ಅಷ್ಟೇ. ಪಕ್ಕದ ಮೇಜಿನವನು ಅದೇ ಪುಟ ಓದುತ್ತ ಮೊಟ್ಟೆ ಒಡೆಯುತ್ತಿದ್ದ. ಅಪ್ಪ ಏನೂ ಅನ್ನದೆ ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ಸರಿಸಿದ. ಆ ಉಪ್ಪಿನ ಡಬ್ಬಿ ಮೂವತ್ತೊಂದು ವರ್ಷದಿಂದ ಅವನ ಕಡೆಗೆ ಸರಿಯುತ್ತಲೇ ಇದೆ. ಮರುವರ್ಷ ಅವನು ಲೇಖನಿ ಹಿಡಿದ. ಸಂಗೀತ ಬರೆಯುವವರ ಸಾಲಿನಿಂದ ಮುಗಿಸುವವರ ಸಾಲಿಗೆ ಬಂದು ಕೂತ. ಟ್ರ್ಯಾಮಿನಲ್ಲಿ ಯಾರೋ ಅವನ ತೋಳು ಮುಟ್ಟಿ ಏನೋ ಕೇಳಿದರು. ಅವನು ಹುಬ್ಬೇರಿಸಿದ. ಹುಬ್ಬೇರಿಸಿದರೆ ಸಾಕು, ಜನ ಹೆದರಿ ಇನ್ನೊಂದು ಸಲ ಗಟ್ಟಿಯಾಗಿ ಹೇಳುತ್ತಾರೆ.

ಪತ್ರಿಕೆಯ ಸಂಪಾದಕ ಎಲಿಶಾ ಕ್ರಾಂಡಲ್ ಕಾಗದಗಳ ಕಟ್ಟನ್ನು ಇಸ್ಪೀಟಿನ ಎಲೆಗಳಂತೆ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದ. ಕಂಚಿನ ಗಂಟಲಿನ ಮನುಷ್ಯ. ಅವನ ಮಾತು ಥರ್ಲೋಗೆ ಪೂರ್ತಿ ಕೇಳಿಸುತ್ತಿತ್ತು, ಅದಕ್ಕೇ ಅವನ ಮೇಲೆ ಒಂದು ಬಗೆಯ ಪ್ರೀತಿ.

"ಹನ್ನೊಂದು ಬಂದಿವೆ ಥರ್ಲೋ! ಹಬ್ಬ ಅಂದ್ರೆ ಇದು. ಒಬ್ಬ ಹಲ್ಲಿನ ಡಾಕ್ಟರಂತೆ, ನಿಮ್ಮ ಕಿವೀನ ಪರೀಕ್ಷೆ ಮಾಡಿಸ್ಕೊಳ್ಳಿ ಅಂತಾನೆ."

"ಹಲ್ಲಿನವನಿಗೆ ಕಿವಿ ಉಸಾಬರಿ ಯಾಕೆ?"

"ಅದನ್ನೇ ಬರೀರಿ! ಇವತ್ತಿನ ಸಂಜೆ ಪತ್ರಿಕೆಗೆ. ನಾಲ್ಕೇ ಸಾಲು, ಉರೀಬೇಕು. ಹಾಂ, ಮರೆತೆ. ಆ ಇಟಾಲಿಯನ್‌ನ ಮೇಳದಿಂದ ತೆಗೆದುಹಾಕಿದ್ರಂತೆ, ನಿನ್ನೆ. ನಮ್ಮ ಮಾತಿಗೆ ಬೆಲೆ ಇದೆ ನೋಡಿ."

ಥರ್ಲೋಗೆ ಎದೆಯ ಮೂಲೆಯಲ್ಲಿ ಏನೋ ಚುಚ್ಚಿತು. ಚುಚ್ಚಿದ್ದು ತಪ್ಪಿನ ಭಾವವೆಂದು ಒಪ್ಪಿಕೊಳ್ಳುವ ಮೊದಲೇ ಅದು ಸಿಟ್ಟಾಗಿ ತಿರುಗಿತು. ತಾನು ಬರೆದದ್ದು ಒಂದು ಸಾಲು. ತೆಗೆಯಿರಿ ಎಂದು ಬರೆದಿದ್ದನೇ? ಮೇಳದ ನಿರ್ದೇಶಕ ವೈಸ್‌ಬಾಖ್‌ಗೆ ಸ್ವಂತ ಬುದ್ಧಿಯಿಲ್ಲವೇ? ಹೀಗೆ ಮಾಡಿ ತನ್ನನ್ನು ಕಟುಕನನ್ನಾಗಿ ತೋರಿಸುವುದು, ಕೈ ತೊಳೆದುಕೊಂಡು ಅವನು ಮಾತ್ರ ಕಲಾವಿದನಾಗಿ ಉಳಿಯುವುದು. ಆ ಸಿಟ್ಟಿನಲ್ಲೇ ನಿಂತಲ್ಲೇ ಬರೆದ: "ನನ್ನ ಓದುಗರಿಗೆ ಇಲ್ಲದ್ದನ್ನೂ ಕೇಳಿಸಿಕೊಳ್ಳುವ ಶಕ್ತಿಯಿದೆಯೆಂದು ತಿಳಿದು ಸಂತೋಷವಾಯಿತು. ಅಂಥವರು ಮಂದಿರದವರೆಗೆ ಬರುವ ಶ್ರಮ ಯಾಕೆ ತೆಗೆದುಕೊಳ್ಳುತ್ತಾರೆ? ಮನೆಯಲ್ಲೇ ಕೂತು ಕೇಳಬಹುದು. ಆಗ ಪಿಕೊಲೊ ವಾದಕನೂ ನೆಮ್ಮದಿಯಾಗಿ ಊಟ ಮಾಡುತ್ತಾನೆ." ಕ್ರಾಂಡಲ್ ಓದಿ ಮೇಜಿಗೆ ಅಂಗೈ ಬಡಿದ. ಆ ಬಡಿತ ಸ್ಪಷ್ಟವಾಗಿ ಕೇಳಿಸಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಮುಂಕೋಣೆಯಲ್ಲಿ ಗಿಡ್ಡ ಮನುಷ್ಯನೊಬ್ಬ ಕೂತಿದ್ದ. ಕಚೇರಿಯ ದಿನ ತೊಡುವ ಕರಿಯ ಕೋಟು, ಕುತ್ತಿಗೆಗೆ ಉಣ್ಣೆಯ ವಸ್ತ್ರ, ತೊಡೆಯ ಮೇಲೆ ಕನ್ನಡಕದ ಡಬ್ಬಿಗಿಂತ ಒಂದಿಷ್ಟೇ ಉದ್ದದ ಪೆಟ್ಟಿಗೆ. ಕೆಸರು ಮೆತ್ತಿದ ಬೂಟುಗಳನ್ನು ಜಮಖಾನೆಯ ಹೊರಗೆ ಜೋಡಿಸಿಟ್ಟು ಕಾಲುಚೀಲದಲ್ಲಿ ಕೂತಿದ್ದ. ಒಂದು ಬೆರಳು ತೂತಿನಿಂದ ಇಣುಕುತ್ತಿತ್ತು. ಅದನ್ನು ಮರೆಮಾಡಲು ಆ ಕಾಲನ್ನು ಇನ್ನೊಂದರ ಹಿಂದೆ ಇಟ್ಟುಕೊಂಡಿದ್ದ. ಡ್ರೂಸಿಲ್ಲಾ ಎದ್ದು, "ಇವರು ಎಟ್ಟೋರೆ ಬೆವಿಲಾಕ್ವಾ. ಪಿಕೊಲೊ ನುಡಿಸುವವರು. ನಾನೇ ಒಳಗೆ ಕರೆದೆ" ಎಂದಳು.

"ಏನಾಗಬೇಕು ನಿನಗೆ?"

ಬೆವಿಲಾಕ್ವಾ ಎದ್ದು ನಿಂತ. "ಕೆಲಸ ಕೊಡಿಸಿ ಅಂತ ಕೇಳೋಕೆ ಬಂದಿಲ್ಲ ಸಾರ್. ಬೆಳಿಗ್ಗೆ ಹೊತ್ತು ಆಭರಣದ ಕಾರ್ಖಾನೇಲಿ ಕೊಕ್ಕೆ ಬೆಸೆಯೋ ಕೆಲಸ ಇದ್ದೇ ಇದೆ. ಆದರೆ ನುಡಿಸಲೇ ಇಲ್ಲ ಅಂತ ಬರೆದಿರಲ್ಲ, ಅದು... ಕೆಟ್ಟದಾಗಿ ನುಡಿಸಿದ ಅಂತ ಬರೀರಿ, ತಲೆ ತಗ್ಗಿಸ್ತೀನಿ. ನುಡಿಸಲೇ ಇಲ್ಲ ಅಂದ್ರೆ ಹೇಗೆ? ನಾನಲ್ಲಿ ಕೂತಿದ್ದೆ. ನನ್ನ ಉಸಿರು ಖರ್ಚಾಗಿದೆ."

"ನುಡಿಸಿದ ಹಾಗೆ ನಿನಗೆ ಅನ್ನಿಸಿರಬಹುದು."

"ನಮ್ಮ ಬೀದೀಲಿ ಹೋದ್ರೆ ಕಟಿಂಗ್ ಅಂಗಡಿಯಿಂದ ಕೂಗ್ತಾರೆ ಸಾರ್, ಏ ಎಟ್ಟೋರೆ, ಮ್ಯಾಕರೋನಿ ಬೆಂತೇನೋ ಅಂತ. ಭಾನುವಾರ ಚರ್ಚಿಗೆ ಬರಲ್ಲ ಅಂತ ಹೆಂಡತಿ ಹಟ ಹಿಡಿದಿದಾಳೆ. ನೀವು ಒಂದು ಸಲ ಕೇಳಿ. ಇಲ್ಲೇ. ಆಮೇಲೆ ಏನು ಬೇಕಾದ್ರೂ ಬರೀರಿ."

ಬೇಡವೆನ್ನಬೇಕೆಂದಿದ್ದ. ಆದರೆ ಡ್ರೂಸಿಲ್ಲಾ ಆಗಲೇ ಕೂತು ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡಿದ್ದಳು. ಬೆವಿಲಾಕ್ವಾ ಗೇಣುದ್ದದ ಕರಿಯ ವಾದ್ಯವನ್ನು ತುಟಿಗಿಟ್ಟ. ಬೆರಳುಗಳು ಏಳತೊಡಗಿದವು, ಬೀಳತೊಡಗಿದವು. ಥರ್ಲೋ ಕಾದ. ಕೀಲಿಗಳ ಮೆತ್ತನೆಯ ಟಪಟಪ ಕೇಳಿಸಿತು, ಉಸಿರೆಳೆದುಕೊಳ್ಳುವಾಗ ಕೋಟಿನ ಹೊಲಿಗೆ ಬಿಗಿಯುವುದು ಕಂಡಿತು, ಗೋಡೆಯ ಗಡಿಯಾರದ ಲೋಲಕದ ಶಬ್ದ ಕೇಳಿಸಿತು. ಯಾವಾಗ ಶುರು ಮಾಡುತ್ತಾನೆ ಇವನು? ಪಂಜರದಲ್ಲಿ ಹಕ್ಕಿ ಇದ್ದಕ್ಕಿದ್ದಂತೆ ಕಡ್ಡಿಯಿಂದ ಕಡ್ಡಿಗೆ ಹಾರಿ, ಕತ್ತು ಚಾಚಿ, ಕೊಕ್ಕು ತೆರೆಯಿತು. ಅದರ ಗಂಟಲು ಚಿಕ್ಕ ಹೃದಯದಂತೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು. ಅಕ್ಕನ ಕಡೆ ನೋಡಿದ. ಅವಳ ಕಣ್ಣು ತುಂಬಿತ್ತು. ಚಿಕ್ಕಂದಿನಲ್ಲಿ ಕೆರೆಯ ಮೇಲಿನ ಮಂಜುಗಡ್ಡೆ ಬಿರಿಯುವ ಮೊದಲು ಕಾಲ ಕೆಳಗೆ ಹೀಗೆಯೇ ಏನೋ ಸರಿಯುತ್ತಿತ್ತು. ಓಡಬೇಕೆಂದು ಗೊತ್ತಾಗುತ್ತಿತ್ತು, ಯಾವ ಕಡೆಗೆಂದು ಗೊತ್ತಾಗುತ್ತಿರಲಿಲ್ಲ. ಬೆವಿಲಾಕ್ವಾ ವಾದ್ಯವನ್ನು ಇಳಿಸಿ ಅವನನ್ನೇ ನೋಡಿದ. ಏನಾದರೂ ಹೇಳಬೇಕಿತ್ತು. ಮೂವತ್ತು ವರ್ಷದಲ್ಲಿ ಹೇಳಲು ಮಾತಿಲ್ಲದೆ ಅವನು ಕೂತದ್ದೇ ಇಲ್ಲ.

"ಸ್ವರ ಒಂದು ಚೂರು ಮೇಲಕ್ಕೆ ಹೋಗಿತ್ತು."

ಬೆವಿಲಾಕ್ವಾ ಹುಬ್ಬು ಗಂಟಿಕ್ಕಿ ಗಂಭೀರವಾಗಿ ಯೋಚಿಸಿದ. "ಮೇಲಕ್ಕಾ? ಚಳೀಲಿ ಬಂದಿದೀನಿ, ವಾದ್ಯ ತಣ್ಣಗಿದೆ ಸಾರ್. ತಣ್ಣಗಿದ್ರೆ ಕೆಳಗೆ ಹೋಗುತ್ತೆ, ಮೇಲಕ್ಕೆ ಹೋಗಲ್ಲ. ಇರಲಿ, ಇನ್ನೊಂದು ಸಲ ನುಡಿಸ್ತೀನಿ."

ಮತ್ತೆ ತುಟಿಗಿಟ್ಟ. ಬೆರಳುಗಳು ಓಡಿದವು. ಈ ಸಲ ಥರ್ಲೋ ಅರೆಗಣ್ಣು ಮುಚ್ಚಿ, ಮಂದಿರದಲ್ಲಿ ಕೂರುವಂತೆ ಗಲ್ಲಕ್ಕೆ ತೋರುಬೆರಳು ಕೊಟ್ಟು, ಬೆರಳುಗಳ ಲಯಕ್ಕೆ ಒಂದಿಷ್ಟು ತಲೆದೂಗಿದ. ಕೃತಿ ಅವನಿಗೆ ಬಾಯಿಪಾಠ. ಹದಿನಾಲ್ಕು ಆವರ್ತವನ್ನೂ ಒಳಗೇ ಹಾಡಿಕೊಂಡ. ಒಳಗೆ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ ಹೊರಗೂ ಇರಲೇಬೇಕೆನಿಸಿತು. ಬೆರಳು ನಿಂತಾಗ ಕಣ್ಣು ತೆರೆದು, "ಹಾಂ, ಈಗ ಸರಿಹೋಯ್ತು. ಕೊನೆಯ ಇಳಿಕೆ ಚೆನ್ನಾಗಿ ಬಂತು" ಎಂದ.

ಬೆವಿಲಾಕ್ವಾ ಡ್ರೂಸಿಲ್ಲಾಳ ಕಡೆ ನೋಡಿದ.

"ಆಲ್ಫಿ," ಎಂದಳು ಡ್ರೂಸಿಲ್ಲಾ, "ಅವರಿನ್ನೂ ಶುರುವೇ ಮಾಡಿಲ್ಲ. ಉಸಿರು ಬಿಟ್ಟು ವಾದ್ಯ ಬೆಚ್ಚಗೆ ಮಾಡ್ತಿದ್ರು."

ಬೆವಿಲಾಕ್ವಾನ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದನ್ನು ಥರ್ಲೋ ಸಹಿಸಿಕೊಳ್ಳಬಹುದಿತ್ತು. ಆಮೇಲೆ ಬಂದದ್ದನ್ನು ಸಹಿಸುವುದು ಕಷ್ಟವಾಯಿತು. ಅವನು ಹತ್ತಿರ ಬಂದು, ಸ್ವಲ್ಪ ಬಾಗಿ, ಅಜ್ಜನಿಗೆ ಹೇಳುವ ಹಾಗೆ ಮಾತುಗಳನ್ನು ಬಿಡಿಬಿಡಿಯಾಗಿ, ಗಟ್ಟಿಯಾಗಿ ಹೇಳಿದ: "ಎಷ್ಟು, ವರ್ಷದಿಂದ, ಸಾರ್?"

"ಕಿರುಚಬೇಡ! ನಾನೇನು ಕಿವುಡನಲ್ಲ!"

ಹೇಳಿದ ಮೇಲೆ ಆ ಶಬ್ದ ಕೋಣೆಯಲ್ಲೇ ನಿಂತುಬಿಟ್ಟಿತು. ಬೆವಿಲಾಕ್ವಾ ನಿಧಾನವಾಗಿ ವಾದ್ಯವನ್ನು ಬಿಚ್ಚಿ, ವಸ್ತ್ರದಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಬೂಟು ಹಾಕಿಕೊಂಡ. ಬಾಗಿಲ ಬಳಿ ತಿರುಗಿದಾಗ ಅವನ ದನಿಯಲ್ಲಿ ಕನಿಕರ ಇರಲಿಲ್ಲ.

"ನಮ್ಮಪ್ಪ ಕಲ್ಲುಗಣೀಲಿ ಸಿಡಿಮದ್ದು ಇಡ್ತಿದ್ದ. ಅವನಿಗೂ ಹೀಗೇ ಆಗಿತ್ತು. ಆದರೆ ಅವನು ಯಾರ ಉಸಿರನ್ನೂ ಇಲ್ಲ ಅನ್ನಲಿಲ್ಲ. ನಾನು ಹೊರಗೆ ಯಾರಿಗೂ ಹೇಳಲ್ಲ ಸಾರ್. ಹೇಳೋದಿದ್ರೆ ನೀವು ಹೇಳಿ." ಡ್ರೂಸಿಲ್ಲಾಗೆ ತಲೆಬಾಗಿ ಹೊರಟುಹೋದ.

ಹಕ್ಕಿಯ ಗಂಟಲು ಇನ್ನೂ ಉಬ್ಬುತ್ತಲೇ ಇತ್ತು. ಥರ್ಲೋ ಅದನ್ನು ನೋಡುತ್ತ, "ಇದು ಯಾವಾಗಿಂದ ಹಾಡ್ತಿದೆ?" ಎಂದು ಕೇಳಿದ.

"ನಿಲ್ಲಿಸಿದ್ದು ಯಾವಾಗ?" ಎಂದಳು.

"ನಿನಗೆ ಗೊತ್ತಿತ್ತು."

"ನಾಲ್ಕು ವರ್ಷದಿಂದ."

ನಾಲ್ಕು ವರ್ಷ. ಕಚೇರಿ ಮುಗಿಸಿ ಟ್ರ್ಯಾಮಿನಲ್ಲಿ ಮರಳುವಾಗ ಪಕ್ಕದಲ್ಲಿ ಕೂತು ಇವಳು, ತನಗೆ ತಾನೇ ಹೇಳಿಕೊಂಡ ಹಾಗೆ, ಪಿಟೀಲಿನವರು ತುದಿಗೆ ಹೋದಾಗ ಎಷ್ಟು ತೆಳ್ಳಗೆ ಹಿಡಿದಿದ್ದರು ಅಲ್ಲವೇ, ಎರಡನೇ ಭಾಗದಲ್ಲಿ ಕೊಳಲು ಒಂದಿಷ್ಟು ಅವಸರಪಟ್ಟಿತು ಅಲ್ಲವೇ ಅನ್ನುತ್ತಿದ್ದಳು. ಅವನು ಒಪ್ಪಿಗೆಯಿಲ್ಲದವನಂತೆ ಹೂಂಗುಟ್ಟುತ್ತಿದ್ದ. ಬೆಳಿಗ್ಗೆ ಬರೆಯಲು ಕೂತಾಗ ಅವೆಲ್ಲ ತನ್ನ ಮಾತುಗಳೇ ಆಗಿ ಬರುತ್ತಿದ್ದವು. ಊರು ಮೆಚ್ಚಿದ್ದು ಇವಳ ಕಿವಿಯನ್ನು, ತನ್ನ ನಾಲಿಗೆಯನ್ನು. ಹೋದ ಶನಿವಾರ ಇವಳು ಜ್ವರದಲ್ಲಿ ಮಲಗಿದ್ದಳು. ಅವನು ಒಬ್ಬನೇ ಹೋಗಿದ್ದ. ಇಷ್ಟು ಸರಳ. ಸಿಟ್ಟು ನೆತ್ತಿಗೇರಿತು. ಇದು ದ್ರೋಹ. ಇದಕ್ಕಿಂತ ಎದುರಿಗೆ ಬಂದು ಬೈದಿದ್ದರೆ! ತನಗೆ ತಿಳಿಯದಂತೆ ತನ್ನ ಬಾಯಿಗೆ ತುತ್ತಿಟ್ಟು, ತಾನು ಉಣ್ಣುವುದನ್ನು ನೋಡುತ್ತ ಕೂತಿದ್ದಾಳೆ.

"ಒಂದು ಮಾತು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ರೆ ನನ್ನನ್ನೂ ಒಂದು ಸಾಲಲ್ಲಿ ಮುಗಿಸಿಬಿಡ್ತಿದ್ದೆ," ಎಂದಳು ಡ್ರೂಸಿಲ್ಲಾ. "ಒಂದು ಸಲ ಮುಗಿಸಿದ್ದೆಯಲ್ಲ. ಲೈಪ್‌ಜಿಗ್‌ನಿಂದ ಬಂದ ವಾರ. ನಾನು ಪಿಯಾನೊ ನುಡಿಸಿ ಎದ್ದೆ, ಅಪ್ಪ ಇದ್ದರು, ನೆಂಟರಿದ್ದರು. ನೀನು, ಡ್ರೂಸಿಯ ಬೆರಳಿಗೆ ಹೊಲಿಗೆ ಚೆನ್ನಾಗಿ ಒಗ್ಗುತ್ತೆ ಅಂದೆ. ಎಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ನಾನು ಅದರ ಮುಚ್ಚಳ ತೆಗೆದಿದ್ದು ಧೂಳು ಒರೆಸೋಕೆ ಮಾತ್ರ. ನಿನಗೆ ನೆನಪೇ ಇಲ್ಲ, ಅಲ್ವಾ?"

ನೆನಪಿರಲಿಲ್ಲ. ಅದೇ ಅವನನ್ನು ಕುಸಿಯುವಂತೆ ಮಾಡಿತು. ವೂಸ್ಟರಿನ ಆ ವಿಮರ್ಶಕನಿಗೂ ಮರುದಿನವೇ ತನ್ನ ಸಾಲು ಮರೆತುಹೋಗಿರಬೇಕು. ಇನ್ನೊಂದು ಊರಿಗೆ ಹೋಗಿ, ಇನ್ನೊಬ್ಬನ ಬಗ್ಗೆ ಬರೆದಿರಬೇಕು. ಅವನನ್ನು ಇಷ್ಟು ವರ್ಷ ದ್ವೇಷಿಸಿದ್ದು ಬಂಡೆಯನ್ನು ದ್ವೇಷಿಸಿದ ಹಾಗೆ. ತಾನೂ ಹಾಗೊಂದು ಬಂಡೆಯಾಗಿ ಈ ಮನೆಯಲ್ಲಿ, ದಿನಾ ಇವಳೇ ಹಚ್ಚಿದ ಬೆಣ್ಣೆ ತಿನ್ನುತ್ತ ಕೂತಿದ್ದ. ಊಟ ಮುಟ್ಟಲಿಲ್ಲ. ಬರೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸೊಗಸಾದ ಸಾಲುಗಳು ತಾವಾಗಿಯೇ ಬರತೊಡಗಿದವು, ಒಂದೊಂದನ್ನೂ ಹೊಡೆದುಹಾಕಿದ. ಕೊನೆಗೆ ಉಳಿದದ್ದು ಇಷ್ಟು: ಶನಿವಾರ ಪಿಕೊಲೊ ನುಡಿದಿತ್ತು. ನನಗೆ ಕೇಳಿಸಲಿಲ್ಲ. ನಾಲ್ಕು ವರ್ಷದಿಂದ ಎತ್ತರದ ಸ್ವರಗಳು ನನಗೆ ಕೇಳಿಸುತ್ತಿಲ್ಲ. ಸಂಗೀತ ಮಂದಿರದಲ್ಲಿ ಯಾವ ದೋಷವೂ ಇಲ್ಲ. ವಾದಕನ ಕ್ಷಮೆ ಕೇಳುತ್ತೇನೆ.

ಮೂರು ಗಂಟೆಗೆ ಪತ್ರಿಕೆಯ ಕಟ್ಟಡ ಮುಟ್ಟುವ ಹೊತ್ತಿಗೆ ಸಂಜೆಯ ಸಂಚಿಕೆ ಬೀದಿಗೆ ಬಂದುಬಿಟ್ಟಿತ್ತು. ಮೂಲೆಯಲ್ಲಿ ಪತ್ರಿಕೆ ಮಾರುವ ಮುದುಕ ಅವನಿಗೆ ಹ್ಯಾಟು ಎತ್ತಿ ಪುಟವನ್ನು ತಟ್ಟಿ ತೋರಿಸಿ ಹಲ್ಲುಬಿಟ್ಟು ನಕ್ಕ. ಬೆಳಿಗ್ಗೆ ನಿಂತಲ್ಲೇ ಬರೆದ ನಾಲ್ಕು ಸಾಲು ಚೌಕಟ್ಟಿನೊಳಗೆ ಕೂತಿದ್ದವು. ಆಗಲೇ ಇಟಾಲಿಯನ್ನರ ಗುಡ್ಡವಾದ ಫೆಡರಲ್ ಹಿಲ್ಲಿನಲ್ಲಿ, ಬೆವಿಲಾಕ್ವಾನ ಬೀದಿಯ ಕಟಿಂಗ್ ಅಂಗಡಿಯಲ್ಲಿ ಯಾರೋ ಇದನ್ನು ಗಟ್ಟಿಯಾಗಿ ಓದುತ್ತಿರಬಹುದು. ಥರ್ಲೋ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ.

ಕ್ರಾಂಡಲ್ ಕಾಗದವನ್ನು ಓದಿ, ತಿರುಗಿಸಿ ಹಿಂಭಾಗವನ್ನೂ ನೋಡಿ, ಎದ್ದು ಬಾಗಿಲು ಹಾಕಿದ. "ಇದನ್ನ ಯಾರಿಗಾದ್ರೂ ತೋರಿಸಿದ್ದೀರಾ?"

"ನಾಳೆ ಎಲ್ಲರೂ ಓದ್ತಾರಲ್ಲ."

"ಓದಲ್ಲ. ಕೂತ್ಕೊಳ್ಳಿ. ಒಂಬತ್ತು ಲೇಖನ ಬರೆದು ಟ್ರಸ್ಟಿಗಳ ಕೈಲಿ ಗೋಡೆಗೆ ಹಲಗೆ ಹೊಡೆಸಿದ್ದೀರಿ. ನಾಲ್ಕು ವರ್ಷದ ವಿಮರ್ಶೆ, ಎಲ್ಲ ಈ ಪತ್ರಿಕೆ ಹೆಸರಲ್ಲಿ. ಇದನ್ನ ಹಾಕಿದ್ರೆ ನಾಳೆ ಹವಾಮಾನದ ವರದೀನೂ ಯಾರೂ ನಂಬಲ್ಲ."

"ಒಬ್ಬ ಮನುಷ್ಯನ ಕೆಲಸ ಹೋಗಿದೆ, ಕ್ರಾಂಡಲ್!"

"ಪಿಕೊಲೊದವನು! ಇಡೀ ಸಂಜೆ ಹತ್ತು ನಿಮಿಷ ಊದೋನು! ನೋಡಿ, ನಿಮಗೆ ಕೇಳಿಸದೇ ಇದ್ರೆ ಏನಂತೆ? ನಿಮ್ಮನ್ನ ಓದೋದು ಯಾರೂ ಸಂಗೀತಕ್ಕಲ್ಲ. ಚುಚ್ಚೋಕೆ ಓದ್ತಾರೆ. ಚುಚ್ಚೋಕೆ ಕಿವಿ ಬೇಕಾ? ಅಕ್ಕನ್ನ ಕರ್ಕೊಂಡು ಹೋಗಿ ಮೊದಲಿನ ಹಾಗೇ."

ಇವನಿಗೂ ಗೊತ್ತಿತ್ತೇ? ಅವನು ಕಣ್ಣೆತ್ತಿ ನೋಡಿದ. ಕ್ರಾಂಡಲ್ ಮುಖ ತಿರುಗಿಸಿ ಒಲೆಯ ಬಾಗಿಲು ತೆರೆದು ಕಾಗದವನ್ನು ಅತ್ತ ಚಾಚಿದ. ಥರ್ಲೋ ಅವನ ಮುಂಗೈ ಹಿಡಿದು ತಿರುಚಿ ಕಿತ್ತುಕೊಂಡ. ಐವತ್ತೇಳು ವರ್ಷದ ಬಾಳಿನಲ್ಲಿ ಅವನು ಇನ್ನೊಬ್ಬ ಗಂಡಸಿನ ಮೈಮೇಲೆ ಕೈ ಹಾಕಿದ್ದು ಅದೇ ಮೊದಲು. ಕಾಗದದ ಒಂದು ಮೂಲೆ ಹರಿದು ಕ್ರಾಂಡಲ್‌ನ ಬೆರಳಲ್ಲೇ ಉಳಿಯಿತು. "ಹೊರಗೆ ಹೋದ್ರೆ ವಾಪಸ್ ಬರೋದು ಬೇಡ!" ಎಂದು ಕಂಚಿನ ಗಂಟಲು ಕೂಗಿದ್ದು ಮೆಟ್ಟಿಲಿನ ತುದಿಯವರೆಗೂ ಪೂರ್ತಿ ಕೇಳಿಸಿತು.

ಸಂಗೀತ ಮಂದಿರದಲ್ಲಿ ತಾಲೀಮು ನಡೆದಿತ್ತು. ಖಾಲಿ ಕುರ್ಚಿಗಳ ನಡುವೆ ಅವನು ನೇರ ವೇದಿಕೆಯ ಕೆಳಗೆ ಹೋಗಿ ನಿಂತ. ಬೆವಿಲಾಕ್ವಾನ ಜಾಗದಲ್ಲಿ ನಯವಾಗಿ ತಲೆ ಬಾಚಿದ ಯುವಕನೊಬ್ಬ ಕೂತಿದ್ದ. ರುಡಾಲ್ಫ್ ವೈಸ್‌ಬಾಖ್ ತಾಳದ ಕೋಲು ಇಳಿಸಿ ತಿರುಗಿದ. ಅರವತ್ತು ಮುಖಗಳು ತಿರುಗಿದವು. ಥರ್ಲೋ ಕಾಗದವನ್ನು ಓದಿದ. ತನ್ನ ದನಿ ತನಗೇ ಅತಿಯಾಗಿ ಕೇಳಿಸುತ್ತಿತ್ತು. ಓದಿ ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಹಲವರು.

"ನಮಗೆ ಗೊತ್ತಿತ್ತು ಥರ್ಲೋ ಅವರೇ," ಎಂದ ವೈಸ್‌ಬಾಖ್, ಬೇಸರದಿಂದ. "ಎರಡು ವರ್ಷದ ಹಿಂದೆ, ನಿಮ್ಮ ಅಕ್ಕ ಬಾರದ ಒಂದು ದಿನ, ಬೇಕಂತಲೇ ಕೊಳಲಿನವರ ಕೈಲಿ ಎಂಟು ಆವರ್ತ ನುಡಿಸದೆ ಬಿಡಿಸಿದ್ದೆ. ಕೊಳಲು ಅಮೋಘ ಅಂತ ಬರೆದಿರಿ."

"ಗೊತ್ತಿದ್ದೂ ಸುಮ್ಮನಿದ್ರಾ?"

"ಹೊಗಳಿದಾಗ ಟಿಕೆಟ್ ಹೋಗುತ್ತಿತ್ತು. ತೆಗಳಿದಾಗ ಸಹಿಸಿಕೊಂಡೆವು."

"ಹಾಗಾದರೆ ಬೆವಿಲಾಕ್ವಾ ಅವರನ್ನ ಯಾಕೆ ತೆಗೆದಿರಿ? ನುಡಿಸಿದ್ದು ನಿಮಗೆ ಕೇಳಿಸಿತ್ತು! ನಿಮಗೆ ಕೇಳಿಸಿತ್ತಲ್ಲ!"

ವೈಸ್‌ಬಾಖ್ ನಯವಾದ ತಲೆಯ ಯುವಕನ ಕಡೆ ನೋಡಿ, ಕೋಲನ್ನು ಎತ್ತಿಕೊಂಡ. "ನನ್ನ ತಂಗಿಯ ಮಗ ಬಂದಿದ್ದಾನೆ. ಒಂದು ಕಾರಣ ಬೇಕಿತ್ತು. ನೀವು ಕೊಟ್ಟಿರಿ. ಈಗ ದಯವಿಟ್ಟು, ನಮಗೆ ಹೊತ್ತಾಗುತ್ತಿದೆ."

ಮೇಳ ಶುರುವಾಯಿತು. ಕೆಳಗಿನ ತಂತಿಗಳು ಗುಡುಗಿದವು, ಮೇಲಿನ ಬಿಲ್ಲುಗಳು ಶಬ್ದವಿಲ್ಲದೆ ಗಾಳಿಯನ್ನು ಗರಗಸದಂತೆ ಕೊಯ್ದವು. ಅವನು ವೇದಿಕೆಯ ಕೆಳಗೇ ನಿಂತಿದ್ದ. ಎಲ್ಲರಿಗೂ ಗೊತ್ತಿತ್ತು. ಕುದುರೆಗೆ ಕಣ್ಣು ಕಾಣದಿದ್ದರೇನು, ಗಾಡಿ ಎಳೆಯುತ್ತದಲ್ಲ ಎಂದು ಪ್ರತಿಯೊಬ್ಬನೂ ತನ್ನ ಮೂಟೆಯನ್ನು ಹೇರಿ ಕಳಿಸಿದ್ದ. ಅವರನ್ನೆಲ್ಲ ಒಂದು ಸಾಲಿನಲ್ಲಿ ಮುಗಿಸಬಹುದು. ಸಾಲು ಆಗಲೇ ನಾಲಿಗೆಯ ತುದಿಗೆ ಬಂದಿತ್ತು, ಚೂಪಾಗಿ, ಸೊಗಸಾಗಿ. ಅದನ್ನು ನುಂಗಿಕೊಂಡ. ಹೇಳಿದ್ದರೆ ನಾಳೆ ಊರೆಲ್ಲ ಆ ಸಾಲನ್ನೇ ಆಡಿಕೊಳ್ಳುತ್ತಿತ್ತು, ಬೆವಿಲಾಕ್ವಾನನ್ನು ಮರೆಯುತ್ತಿತ್ತು.

ನದಿಯಾಚೆಯ ಬೀದಿಯಲ್ಲಿ ಎದುರಾಳಿ ಪತ್ರಿಕೆಯ ಆಫೀಸಿತ್ತು. ಅದರ ವಿಮರ್ಶಕನನ್ನು ಅವನು ಇಪ್ಪತ್ತು ವರ್ಷದಿಂದ ಹೆಸರು ಹಿಡಿದು ಕರೆದವನಲ್ಲ. ಮೇಲಿನ ಮಹಡಿಗೆ ಹೋಗಿ ಸಂಪಾದಕನನ್ನು ಕಾಣಬಹುದಿತ್ತು. ಅವರು ಸಂಭ್ರಮದಿಂದ ಮೊದಲ ಪುಟದಲ್ಲೇ ಹಾಕುತ್ತಿದ್ದರು, ಎದುರಾಳಿಯ ಶವಕ್ಕೆ ಹಾರ ಹಾಕುವ ಹಾಗೆ. ಅದೂ ಬೇಡವೆನಿಸಿತು. ಕೆಳಗಿನ ಹಜಾರದಲ್ಲಿ ಸಣ್ಣ ಜಾಹೀರಾತುಗಳ ಕಿಟಕಿಯಿತ್ತು. ಸಾಲಿನಲ್ಲಿ ನಿಂತ. ಮುಂದೆ ಇಬ್ಬರು, ಹಿಂದೆ ನಾಲ್ಕೈದು ಜನ. ಅವನ ಸರದಿ ಬಂದಾಗ ಕಿಟಕಿಯೊಳಗಿನ ನಡುವಯಸ್ಸಿನ ಹೆಂಗಸು ಪೆನ್ಸಿಲಿನ ತುದಿ ನೆಕ್ಕಿ, ತಲೆ ಎತ್ತದೆ ಏನೋ ಕೇಳಿದಳು. ಅವನ ಹುಬ್ಬು ತಾನಾಗಿಯೇ ಮೇಲಕ್ಕೆ ಹೋಯಿತು. ಹೋದದ್ದನ್ನು ಬಲವಂತವಾಗಿ ಇಳಿಸಿದ.

"ಗಟ್ಟಿಯಾಗಿ ಹೇಳಿ ತಾಯಿ. ನನಗೆ ಕಿವಿ ಸರಿಯಾಗಿ ಕೇಳಿಸಲ್ಲ."

ಆ ಮಾತು ಅಷ್ಟು ಸುಲಭವಾಗಿ ಹೊರಬಿದ್ದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು. ಆ ಹೆಂಗಸಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಯಾವ ಅಂಕಣ ಅಂದೆ! ಕಳೆದದ್ದು, ಸಿಕ್ಕಿದ್ದು, ಬಾಡಿಗೆಗೆ, ನಿಧನ?"

"ಇದು... ತಪ್ಪೊಪ್ಪಿಗೆ."

"ಅದಕ್ಕೆ ಅಂಕಣ ಇಲ್ವಲ್ಲ ಸ್ವಾಮಿ! ಕಳೆದದ್ದು ಅನ್ನೋದರಲ್ಲಿ ಹಾಕಲಾ?"

"ಹಾಕಿ."

ಅವಳು ಹರಿದ ಕಾಗದವನ್ನು ತೆಗೆದುಕೊಂಡು, ಅವನಿಗೆ ಕೇಳಿಸಲೆಂದು ಪ್ರತಿ ಮಾತನ್ನೂ ಇಡೀ ಹಜಾರ ತಿರುಗಿ ನೋಡುವಂತೆ ಓದಿದಳು. ನಾಲ್ಕು ವರ್ಷದಿಂದ ಎತ್ತರದ ಸ್ವರಗಳು ನನಗೆ ಕೇಳಿಸುತ್ತಿಲ್ಲ. ಸಾಲಿನಲ್ಲಿದ್ದವರು ಗುಸುಗುಸು ಮಾಡಿದರೋ ಏನೋ, ಅದಂತೂ ಅವನಿಗೆ ಕೇಳಿಸಲಿಲ್ಲ. ಕಿವಿಗಳು ಬಿಸಿಯಾದವು. ವಾದಕನ ಕ್ಷಮೆ ಕೇಳುತ್ತೇನೆ ಎನ್ನುವಲ್ಲಿಗೆ ಬಂದು ಅವಳು ನಿಂತಳು. "ಯಾವ ವಾದಕ? ಹೆಸರಿಲ್ಲ ಇಲ್ಲಿ!"

"ಎಟ್ಟೋರೆ ಬೆವಿಲಾಕ್ವಾ."

"ಹೇಗೆ ಬರೀತಾರೆ ಅದನ್ನ? ಒಂದೊಂದೇ ಅಕ್ಷರ ಹೇಳಿ!"

ಏಳು ವರ್ಷ ಆ ಹೆಸರು ಪ್ರತಿ ಕಚೇರಿಯ ಕಾರ್ಯಕ್ರಮಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅವನು ಒಮ್ಮೆಯೂ ಅಷ್ಟು ಕೆಳಗಿನವರೆಗೆ ಓದಿರಲಿಲ್ಲ. ಆಗ ಹಿಂದಿನಿಂದ ಯಾರೋ ಅವನ ತೋಳು ಮುಟ್ಟಿದರು. ತೋಳಿನವರೆಗೂ ಸುಣ್ಣ ಮೆತ್ತಿದ್ದ ಒಬ್ಬ ಗಾರೆಕೆಲಸದವನು, ಅದೇ ಇಟಾಲಿಯನ್ನರ ಗುಡ್ಡದ ಕಡೆಯವನು. ಅವನು ಥರ್ಲೋನನ್ನು ಮೇಲಿಂದ ಕೆಳಗೆ ನೋಡಿದ ರೀತಿಯಲ್ಲಿ ಮರ್ಯಾದೆ ಇರಲಿಲ್ಲ.

"ನಾನು ಹೇಳ್ತೀನಿ. ನೀವೂ ಹೇಳಿ ನನ್ನ ಜೊತೆ. ಬಿ."

"ಬಿ," ಎಂದ ಥರ್ಲೋ.

"ಇ."

"ಇ."

"ವಿ."

"ಬಿ."

"ಬಿ ಅಲ್ಲ. ವಿ. ನನ್ನ ಬಾಯಿ ನೋಡಿ."

ಥರ್ಲೋ ಹ್ಯಾಟು ತೆಗೆದು ಕಂಕುಳಲ್ಲಿಟ್ಟುಕೊಂಡು, ಇನ್ನೊಂದು ಹೆಜ್ಜೆ ಹತ್ತಿರ ಸರಿದು, ಆ ಅಪರಿಚಿತನ ಬಾಯಿಯನ್ನೇ ನೋಡುತ್ತ ನಿಂತ. ಬೆಳ್ಳುಳ್ಳಿಯ ವಾಸನೆ ಬಂತು. ಮೇಲಿನ ಹಲ್ಲುಗಳು ನಿಧಾನವಾಗಿ ಕೆಳತುಟಿಯನ್ನು ತಾಗಿದವು.

"ವಿ," ಎಂದ ಥರ್ಲೋ. "ಮುಂದೆ?"